ನಮ್ಮವರು ಕೀ ಯೂಸರ್ ಆದದ್ದು

ಅವರೆಕಾಯಿಯ ಕಾಲ. ನೆನೆಹಾಕಿದ ಕಾಳಿನ ಬೋಗುಣಿಯನ್ನು ಮುಂದಿಟ್ಟುಕೊಂಡು ಬಾಗಿಲ ಹತ್ತಿರ ಹಿತುಕುತ್ತ ಕೂತಿದ್ದೆ. ಬೇಳೆ ಪಾತ್ರೆಗೆ ಬೀಳುವ ಬದಲು ಆಗಾಗ ಹಾರಿ ಮಗಳು ಆರಾಧನಾಳ ಪುಸ್ತಕದ ಮೇಲೆ ಬೀಳುತ್ತಿತ್ತು. ಅವಳಿಗೆ ಆಗ ಆರು ವರ್ಷ. ಹೊಸದಾಗಿ ಓದಲು ಕಲಿತಿದ್ದಳು. ಅಂಗಡಿಯ ಬೋರ್ಡು, ಬಸ್ಸಿನ ಹಿಂಭಾಗ, ಸಾಂಬಾರು ಪುಡಿಯ ಪೊಟ್ಟಣ, ಯಾವುದನ್ನೂ ಬಿಡುತ್ತಿರಲಿಲ್ಲ.

"ಅಮ್ಮಾ, ಒಂದು ಕೇಳ್ಲಾ? ಅಪ್ಪಂಗೆ..."

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಆಸ್ಪತ್ರೆಯ ಅಟೆಂಡರ್ ವೆಂಕಟಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿ ಒಂದು ಕವರು ಹಿಡಿದುಕೊಂಡು ಬಂದ. "ಅಮ್ಮಾ, ಸಾರ್ ಇದಾರಾ? ಸೆಕ್ರೆಟರಿಗಳು ಕಳಿಸವ್ರೆ. ಕೈಗೇ ಕೊಡ್ಬೇಕಂತೆ."

"ಆಮೇಲೆ ಕೇಳು ಕಂದ," ಎಂದು ಮಗಳಿಗೆ ಹೇಳಿ, ಬಚ್ಚಲಲ್ಲಿದ್ದ ಇವರನ್ನು ಕೂಗಿದೆ.

ಇವರು ಅಂದರೆ ನಮ್ಮ ಯಜಮಾನರು. ಚಾಮರಾಜಪೇಟೆಯ ನಮ್ಮ ವಠಾರದಿಂದ ಮೂರು ತಿರುವು ದಾಟಿದರೆ ಸಿಗುವ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ರೆಕಾರ್ಡ್ ಕ್ಲರ್ಕು. ರೋಗಿಗಳ ಹಳೆಯ ಫೈಲುಗಳನ್ನು ಜೋಡಿಸಿ ಇಡುವುದು, ಡಾಕ್ಟರು ಕೇಳಿದಾಗ ಹುಡುಕಿ ಕೊಡುವುದು ಇವರ ಕೆಲಸ. ವಠಾರದವರಿಗೆ ಇವರು ರೆಕಾರ್ಡ್ ಸಾರ್. ನನಗೆ 'ರೀ'.

ಆ ಆಸ್ಪತ್ರೆಗೆ ಕಂಪ್ಯೂಟರ್ ಬರುತ್ತದೆಂದು ಒಂದು ತಿಂಗಳಿಂದ ಸುದ್ದಿ. ಕಂಪ್ಯೂಟರ್ ಬಂದರೆ ಫೈಲು ಬೇಡ, ಫೈಲು ಬೇಡವಾದರೆ ಫೈಲು ಹುಡುಕುವವರು ಯಾಕೆ? ಇವರನ್ನು ಲಾಂಡ್ರಿ ಸ್ಟೋರಿಗೆ ಹಾಕಿ ದುಪ್ಪಡಿ, ದಿಂಬಿನ ಕವರು ಎಣಿಸಲು ಬಿಡುತ್ತಾರೆಂದು ಕ್ಯಾಂಟೀನಿನಲ್ಲಿ ಮಾತಾಗಿತ್ತು. ಒಂದು ತಿಂಗಳಿಂದ ಇವರು ಸಾರಿಗೆ ಉಪ್ಪು ಜಾಸ್ತಿಯಾದರೂ ಸುಮ್ಮನೆ ಉಣ್ಣುತ್ತಿದ್ದರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಅಪಾಯದ ಸೂಚನೆ ಬೇರೆ ಇಲ್ಲ.

ಒದ್ದೆ ತಲೆಯಲ್ಲೇ ಬಂದು ಕವರು ಒಡೆದರು. ಇಂಗ್ಲಿಷಿನ ಕಾಗದ. ಎರಡು ಸಲ ಓದಿದರು. ಮೂರನೆಯ ಸಲ ಓದುವಾಗ ಮೀಸೆಯ ತುದಿ ಮೇಲೆದ್ದಿತು.

"ಇವಳೇ, ಕೇಳಿಸ್ಕೋ. ಹೊಸ ಕಂಪ್ಯೂಟರಿಗೆ ನನ್ನನ್ನ ಕೀ ಯೂಸರ್ ಅಂತ ನೇಮಿಸಿದಾರೆ. ಕೀ ಯೂಸರ್!"

"ಹಂಗಂದ್ರೇನ್ರೀ?"

"ಕೀ ಅಂದ್ರೆ ಬೀಗದ ಕೈ. ಯೂಸರ್ ಅಂದ್ರೆ ಉಪಯೋಗಿಸೋನು. ಕಂಪ್ಯೂಟರ್ ರೂಮಿನ ಬೀಗದ ಕೈ ಇನ್ಮೇಲೆ ನನ್ನ ಜವಾಬ್ದಾರಿ. ಹತ್ತೊಂಬತ್ತು ವರ್ಷದಲ್ಲಿ ರೆಕಾರ್ಡ್ ರೂಮಿನ ಕೀ ಒಂದಿನ ಕಳೆದಿದೀನಾ, ಹೇಳು?"

"ಇಲ್ಲ."

"ಅದನ್ನ ನೋಡೇ ಕೊಟ್ಟಿರೋದು."

ನಾನೂ ಬಿ.ಎ. ಓದಿದವಳು. ಇದರಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ವೆಂಕಟಪ್ಪನಿಗಂತೂ ಕಾಣಲೇ ಇಲ್ಲ. "ಹಂಗಾದ್ರೆ ಲಾಂಡ್ರಿ ಇಲ್ಲ ಅನ್ನಿ ಸಾರ್!" ಎಂದು ಕೈ ಮುಗಿದ. ಅವನಿಗೆ ಕಾಫಿಯ ಜೊತೆ ಎರಡು ಕೋಡುಬಳೆ ಕೊಟ್ಟೆ.

ಆಸ್ಪತ್ರೆಯಲ್ಲಿ ಕಂಪ್ಯೂಟರ್ ರೂಮಿಗೆ ಬೀಗವೇ ಇರಲಿಲ್ಲ. ಇವರಿಗೆ ಅದು ಟ್ರಸ್ಟಿನವರ ಅಜಾಗರೂಕತೆ ಎನಿಸಿತು. ಅಂದೇ ಮಾಮೂಲ್‌ಪೇಟೆಗೆ ಹೋಗಿ ಏಳು ಲಿವರಿನ ಹಿತ್ತಾಳೆ ಬೀಗ ತಂದು ಚಿಲಕಕ್ಕೆ ಜಡಿದರು. ರೆಕಾರ್ಡ್ ರೂಮಿನ ಬೀಗದ ಕೈಯನ್ನು ಮೊದಲಿನಿಂದಲೂ ಜನಿವಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ಈಗ ಅದರ ಪಕ್ಕದಲ್ಲಿ ಇನ್ನೊಂದು. ನಡೆದರೆ ಅಂಗಿಯೊಳಗಿಂದ ಟಿಣ್ ಎಂಬ ಸದ್ದು ಬರುತ್ತಿತ್ತು. ವಠಾರದ ಮಕ್ಕಳು ಆ ಸದ್ದು ಕೇಳಿಯೇ ಗಂಟೆ ಎಂಟೂವರೆ ಆಯಿತೆಂದು ಸ್ಕೂಲಿಗೆ ಹೊರಡತೊಡಗಿದರು.

ಸುದ್ದಿ ಹಬ್ಬಿತು. ಪಕ್ಕದ ಮನೆಯ ಭಾಗೀರಥಮ್ಮನವರು ಸಂಜೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಅವರ ಯಜಮಾನರು ಶ್ರೀನಿವಾಸಯ್ಯ, ರಿಟೈರ್ಡ್ ಹೆಡ್‌ಮಾಸ್ಟರು. ಮನೆಯಲ್ಲಿ ಯಾವ ಕಾಗದ ಬಂದರೂ ಗಟ್ಟಿಯಾಗಿ ಓದಿಯೇ ಇಡುವವರು.

"ಅಲ್ಲಪ್ಪಾ, ಆ ರೂಮಲ್ಲಿ ಎ.ಸಿ. ಇದೆಯಂತಲ್ಲ?" ಎಂದರು ಭಾಗೀರಥಮ್ಮ.

"ಇದೆ ಅಮ್ಮ. ಕಂಪ್ಯೂಟರಿಗೆ ಸೆಕೆ ಆಗಬಾರದು ನೋಡಿ."

"ನಾಳೆ ಸತ್ಯನಾರಾಯಣ ಪೂಜೆ. ಮಾರ್ಕೆಟ್ಟಿಂದ ಇವತ್ತೇ ಮಲ್ಲಿಗೆ ತರಿಸಿದೀನಿ, ಎಂಟು ಮಾರು. ನಮ್ಮನೇಲಿಟ್ರೆ ಬಾಡಿಹೋಗತ್ತೆ. ಒಂದು ರಾತ್ರಿ ನಿನ್ನ ಕಂಪ್ಯೂಟರ್ ಪಕ್ಕ ಇಡ್ತೀಯಾ?"

ಇವರು ಕಣ್ಣು ಮುಚ್ಚಿ ಯೋಚಿಸಿದರು. ಆಮೇಲೆ, "ಕ್ಷಮಿಸ್ಬೇಕು ಅಮ್ಮ. ಅದು ಟ್ರಸ್ಟಿನ ತಂಪು. ಸ್ವಂತಕ್ಕೆ ಬಳಸೋ ಹಾಗಿಲ್ಲ," ಎಂದರು.

ಭಾಗೀರಥಮ್ಮನವರಿಗೆ ಒಂದಿಷ್ಟೂ ಬೇಜಾರಾಗಲಿಲ್ಲ. ಮೂರು ಮನೆಗೆ ಹೋಗಿ, "ಹುಡುಗ ಅಂದ್ರೆ ಹಿಂಗಿರ್ಬೇಕು, ನನಗೇ ಇಲ್ಲ ಅಂದ!" ಎಂದು ಹೇಳಿ ಬಂದರು. ಮಲ್ಲಿಗೆ ಬಾಡಿತು. ಇವರ ಮರ್ಯಾದೆ ಅರಳಿತು.

ಆಸ್ಪತ್ರೆಯಲ್ಲಿ ಇವರು ಹೊಸ ಕೆಲಸವನ್ನು ಹೇಗೆ ನಡೆಸಿದರೆಂಬುದನ್ನು ನನಗೆ ಅರ್ಧ ಇವರೇ ಹೇಳಿದರು, ಇನ್ನರ್ಧ ಕೋಡುಬಳೆಯ ಆಸೆಗೆ ವೆಂಕಟಪ್ಪ ಹೇಳಿದ. ಬಾಗಿಲಲ್ಲಿ ಒಂದು ಸ್ಟೂಲು. ಸ್ಟೂಲಿನ ಪಕ್ಕ ಒದ್ದೆ ಗೋಣಿತಾಟು. ಚಪ್ಪಲಿ ಬಿಟ್ಟು, ಕಾಲು ಒರೆಸಿ, ರಿಜಿಸ್ಟರಿನಲ್ಲಿ ಹೆಸರು, ವೇಳೆ, ಕಾರಣ ಬರೆದವರಿಗೆ ಮಾತ್ರ ಪ್ರವೇಶ. ದೊಡ್ಡ ಡಾಕ್ಟರಮ್ಮ ಮಹಾನಂದ ಕೂಡ ಬರಿಗಾಲಲ್ಲಿ ನಿಂತು ಸಹಿ ಮಾಡಿದರಂತೆ. ಇವರು ಮಾತ್ರ ಒಂದು ದಿನವೂ ಒಳಗೆ ಕಾಲಿಡಲಿಲ್ಲ. ಬೀಗ ಕಾಯುವವನು ಒಳಗೆ ಹೋದರೆ ಹೊರಗೆ ಕಾಯುವವರಾರು?

ಕಂಪನಿಯ ಕಡೆಯಿಂದ ಶೇಷಾದ್ರಿಪುರದಿಂದ ದಿನಾ ಒಬ್ಬ ಹುಡುಗಿ ಬರುತ್ತಿದ್ದಳು. ಯಶಶ್ರೀ ಅಂತ ಹೆಸರು. ಪ್ರೋಗ್ರಾಂ ಬರೆಯುವವಳು. ರಿಜಿಸ್ಟರಿನ ಕಾರಣದ ಜಾಗದಲ್ಲಿ ದಿನಾ 'ಮೀಟಿಂಗ್' ಎಂದು ಬರೆಯುತ್ತಿದ್ದಳು.

"ಪಾಪ ಕಣೇ," ಎಂದು ಇವರು ಊಟಕ್ಕೆ ಕೂತಾಗ ಹೇಳುತ್ತಿದ್ದರು. "ದಿನಾ ಮೀಟಿಂಗು ಅಂತಾಳೆ, ಒಳಗೆ ಒಬ್ಬಳೇ ಕೂತಿರ್ತಾಳೆ. ಅದ್ಯಾವನೋ ಬರ್ಬೇಕಾದೋನು ಬರ್ತಾನೇ ಇಲ್ಲ. ಜವಾಬ್ದಾರಿ ಇಲ್ಲದ ಜನ."

"ಅಮ್ಮಾ, ಅಪ್ಪಂಗೆ..." ಎಂದು ಆರಾಧನಾ ಶುರುಮಾಡಿದಳು. ಅನ್ನ ಸೀಯುವ ವಾಸನೆ ಬಂತು. ನಾನು ಒಳಗೆ ಓಡಿದೆ.

ಇಪ್ಪತ್ತನೆಯ ದಿನ ಯಶಶ್ರೀ ಸೆಕ್ರೆಟರಿಗಳ ಹತ್ತಿರ ಹೋಗಿ, "ಸಾರ್, ನಿಮ್ಮ ಕೀ ಯೂಸರ್ ಒಂದು ಮೀಟಿಂಗಿಗೂ ಬಂದಿಲ್ಲ," ಎಂದಳು. "ಅದ್ಹೇಗಮ್ಮಾ? ಅವರು ದಿನಾ ಎಂಟೂವರೆಗೇ ಬಂದು ಕೂತಿರ್ತಾರಲ್ಲ!" ಎಂದರು ಅವರು. ಅವಳು ವಾಪಸು ಬಂದು, ಚಪ್ಪಲಿ ಬಿಟ್ಟು, ಕಾಲು ಒರೆಸಿ, ರಿಜಿಸ್ಟರಿಗೆ ಕೈಹಾಕುವ ಮುಂಚೆ ಇವರನ್ನೇ ಕೇಳಿದಳು.

"ಸಾರ್, ಇಲ್ಲಿ ಕೀ ಯೂಸರ್ ಅಂದ್ರೆ ಯಾರು?"

ಇವರು ಸ್ಟೂಲಿನಿಂದ ಎದ್ದರು. ಅಂಗಿಯ ಎರಡು ಗುಂಡಿ ಬಿಚ್ಚಿದರು. ಜನಿವಾರದ ತುದಿಯನ್ನು ಹೊರಗೆಳೆದು, ಹಿತ್ತಾಳೆಯ ಬೀಗದ ಕೈಯನ್ನು ಅವಳ ಮುಖದೆದುರಿಗೆ ಹಿಡಿದರು.

"ನಾನೇ ಅಮ್ಮ."

ವೆಂಕಟಪ್ಪ ನಗು ತಡೆಯಲು ಗೋಣಿತಾಟು ಹಿಂಡಿಕೊಂಡು ಬರುವ ನೆಪ ಮಾಡಿ ಓಡಿದನಂತೆ. ಆ ಹುಡುಗಿ ನಗಲಿಲ್ಲ. ನನಗೆ ಅವಳ ಮೇಲೆ ಗೌರವ ಹುಟ್ಟಿದ್ದು ಅಲ್ಲಿಂದಲೇ. ಅವಳು ಪಕ್ಕದ ಮೆಟ್ಟಿಲಿನ ಮೇಲೆ ಕೂತು, ಇನ್ನೊಂದು ಬೀಗದ ಕೈಯನ್ನು ತೋರಿಸಿ, "ಸಾರ್, ಇದು ಎಲ್ಲಿಯದು?" ಎಂದಳು.

"ರೆಕಾರ್ಡ್ ರೂಮಿಂದು."

"ಅಲ್ಲಿಗೆ ಕರ್ಕೊಂಡು ಹೋಗ್ತೀರಾ?"

ಅವಳು ಅಲ್ಲಿಂದ ಹೊರಗೆ ಬಂದದ್ದು ಸಂಜೆ ಐದಕ್ಕೆ. ಅಷ್ಟು ಹೊತ್ತು ಇವರ ಪಕ್ಕದಲ್ಲಿ ನಿಂತು, ಇವರು ಫೈಲು ಹುಡುಕುವುದನ್ನೇ ನೋಡಿದಳಂತೆ. ಹನ್ನೊಂದು ವರ್ಷದ ಹಿಂದೆ ಹೆರಿಗೆಯಾದ ಒಬ್ಬಾಕೆ ಚೀಟಿಯಿಲ್ಲದೆ ಬಂದಿದ್ದಳು. ತಾರೀಖು ನೆನಪಿಲ್ಲ. ಇವರು ಕೇಳಿದ್ದು ಒಂದೇ ಮಾತು: "ಮಗು ಹುಟ್ಟಿದಾಗ ಕರೆಂಟಿತ್ತಾ ತಾಯಿ?" "ಎಲ್ಲಿತ್ತು ಸಾಮಿ, ನರ್ಸಮ್ಮ ಲಾಟೀನು ಹಿಡ್ಕೊಂಡಿದ್ರು." ಕರೆಂಟು ಹೋದ ರಾತ್ರಿಯ ಹೆರಿಗೆಗಳೆಲ್ಲ ಇವರಿಗೆ ನೆನಪು; ನೇರ ನಾಲ್ಕನೆಯ ಬೀರುವಿಗೆ ಹೋಗಿ ಕೆಳಗಿನ ಸಾಲಿನಿಂದ ಫೈಲು ತೆಗೆದರು.

ಪ್ರತಿಯೊಂದು ಫೈಲಿನ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಸಣ್ಣದಾಗಿ ಏನೋ ಬರೆದಿತ್ತು. 'ಜೊತೆ: ಅಣ್ಣ, ಸೈಕಲ್ ಷಾಪು.' 'ಜೊತೆ: ಓರಗಿತ್ತಿ, ಉಬ್ಬು ಹಲ್ಲು.' 'ಜೊತೆ: ಯಾರೂ ಇಲ್ಲ, ಪಾಪ.'

"ಇದೇನು ಸಾರ್?"

"ನಮ್ಮಲ್ಲಿಗೆ ಬರೋ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳಲ್ಲಮ್ಮ. ವೆಂಕಟಲಕ್ಷ್ಮಮ್ಮ ಅನ್ನೋರು ಮುನ್ನೂರು ಜನ ಇದಾರೆ. ಯಾರು ಯಾರು ಅಂತ ಹೇಗೆ ಹೇಳೋದು? ಆದರೆ ಆಸ್ಪತ್ರೆಗೆ ಜೊತೇಲಿ ಬಂದೋರು ಯಾರು ಅಂತ ಕೇಳಿ ನೋಡಿ, ಯಾರೂ ಮರೆಯಲ್ಲ. ಬಂದೋರನ್ನೂ ಮರೆಯಲ್ಲ, ಬರದೇ ಇದ್ದೋರನ್ನೂ ಮರೆಯಲ್ಲ."

ಅವಳು ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ಹೋಗುವಾಗ ಮೆಲ್ಲಗೆ, "ಸಾರ್, ಕೀ ಯೂಸರ್ ಅಂದ್ರೆ ಬೀಗದ ಕೈ ಅಲ್ಲ. ಮುಖ್ಯವಾದ ಬಳಕೆದಾರರು ಅಂತ. ನಿಮ್ಮನ್ನ ಕೇಳಿ ನಾವು ಪ್ರೋಗ್ರಾಂ ಮಾಡ್ಬೇಕು," ಎಂದಳಂತೆ.

ಆ ಸಂಜೆ ಟಿಣ್ ಎಂಬ ಸದ್ದಿಲ್ಲದೆ ಇವರು ಮನೆಗೆ ಬಂದರು. ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಕಾಫಿ ಮುಂದಿಟ್ಟೆ.

"ಇಪ್ಪತ್ತು ದಿನ ಬಾಗಿಲು ಕಾದೆ ಕಣೇ."

"ಕಾದದ್ದು ದಂಡವಾಯ್ತಾ? ಒಂದಾದ್ರೂ ಕಳುವಾಯ್ತಾ ಹೇಳಿ."

ಕಾಫಿ ಲೋಟ ಕೆಳಗಿಟ್ಟರು. "ಮುಖ್ಯ ಅಂದಳು ಆ ಹುಡುಗಿ. ನನ್ನನ್ನ," ಎಂದರು. ಏಳು ಲಿವರಿನ ಬೀಗಕ್ಕೆ ಹೆದರದವರು ಆ ಮಾತಿಗೆ ಹೆದರಿದ್ದು ನನಗೆ ಕಾಣಿಸಿತು. ಸಾರು ಬಡಿಸಿದೆ. "ಉಪ್ಪು ಜಾಸ್ತಿಯಾಗಿದೆ," ಎಂದರು. ನನಗೆ ಸಮಾಧಾನವಾಯಿತು.

ಮರುದಿನದಿಂದ ಇವರು ರೂಮಿನ ಒಳಗೆ ಕೂತರು. ಆದರೆ ಪರದೆಯ ಮೇಲೆ ಬರುವ ಅರ್ಜಿಯನ್ನು ಸೆಕ್ರೆಟರಿಗಳು ಮೊದಲೇ ಒಪ್ಪಿಬಿಟ್ಟಿದ್ದರು. ಅದರಲ್ಲಿ 'ಗಂಡನ ಹೆಸರು' ಎಂಬ ಜಾಗ. ಅದನ್ನು ತುಂಬದೆ ಕಂಪ್ಯೂಟರ್ ಮುಂದಕ್ಕೆ ಹೋಗದು. ಜೊತೆಗೆ ಬಂದವರಿಗೆ ಜಾಗವೇ ಇಲ್ಲ. ಯಶಶ್ರೀಯ ಜೊತೆಗಾರ ವಸಂತ್ ಅಂತ ಒಬ್ಬ ಹುಡುಗ, "ಎಲ್ಲಾ ಆಸ್ಪತ್ರೇಲೂ ಇದೇ ಫಾರಂ ಸಾರ್. ನಾವು ಐವತ್ತು ಹೆಸರು ಹಾಕಿ ಟೆಸ್ಟ್ ಮಾಡಿದೀವಿ," ಎಂದ.

"ಯಾವ ಹೆಸರು?"

"ರಮೇಶ್ ಕುಮಾರ್, ಸುರೇಶ್ ಕುಮಾರ್..."

"ಹತ್ತೊಂಬತ್ತು ವರ್ಷದಲ್ಲಿ ನಮ್ಮ ಆಸ್ಪತ್ರೆಗೆ ರಮೇಶ್ ಕುಮಾರ್ ಬಂದಿರೋದು ಎರಡೇ ಸಲ. ಎರಡನೇ ಸಲ ಬಂದೋನೂ ಅವನೇ," ಎಂದರು ಇವರು. ಸೆಕ್ರೆಟರಿಗಳ ಎದುರಿಗೆ ಯಾವತ್ತೂ ಬಾಯಿ ತೆರೆಯದವರು ಅಂದು ಹೇಳಿಯೇಬಿಟ್ಟರಂತೆ: "ನಿಜವಾದ ಜನರನ್ನ ಕರೆಸಿ ಸಾರ್. ಅವರು ಕೌಂಟರಿನಲ್ಲಿ ನಿಲ್ಲಲಿ. ಆಗ ಗೊತ್ತಾಗತ್ತೆ."

"ಆಯ್ತು, ಗುರುವಾರ ಕರೆಸೋಣ. ನಿಮ್ಮ ಮಾತಿನ ಮೇಲೆ ಕರೆಸ್ತಿದೀನಿ. ಎಡವಟ್ಟಾದ್ರೆ ಸೋಮವಾರದಿಂದ ನೀವು ಲಾಂಡ್ರಿ ಸ್ಟೋರು, ನೆನಪಿರಲಿ."

ಭಾನುವಾರವೆಲ್ಲ ಇವರು ಮನೆಮನೆಗೆ ಹೋಗಿ ಜನರನ್ನು ಕರೆದರು. ಬಿ.ಪಿ. ಪುಕ್ಕಟೆ ನೋಡುತ್ತಾರೆಂದು ತಿಳಿದು ಶ್ರೀನಿವಾಸಯ್ಯ ಮೇಷ್ಟ್ರು ಎರಡು ದಿನ ಉಪ್ಪಿನಕಾಯಿ ಬಿಟ್ಟರು.

ಗುರುವಾರ ಮಗಳನ್ನು ಕರೆದುಕೊಂಡು ನಾನೂ ಹೋದೆ. ಕೌಂಟರಿನ ಮುಂದೆ ನಲವತ್ತು ಜನರ ಸಾಲು. ಗಂಡಸರ ಸಾಲು ಹೊರಗಡೆ ಬೇರೆ. ಕೀಬೋರ್ಡಿನ ಮುಂದೆ ವಸಂತ್, ಅವನ ಹಿಂದೆ ಸೆಕ್ರೆಟರಿಗಳು. ಇವರು ಹಳೆಯ ಅಭ್ಯಾಸಬಲದಿಂದ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ. ಮೊದಲು ನಿಂತವರು ಭಾಗೀರಥಮ್ಮ.

"ಗಂಡನ ಹೆಸರು ಹೇಳಿ ಅಮ್ಮ."

"ಅಯ್ಯೋ, ಹೇಳಬಾರದಪ್ಪ."

"ಹೇಳದಿದ್ರೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ ಅಮ್ಮ."

"ಮುಂದಕ್ಕೆ ಹೋಗದಿದ್ರೆ ಹಿಂದಕ್ಕೆ ಹೋಗಲಿ. ಐವತ್ತೆರಡು ವರ್ಷದಿಂದ ಹೇಳಿಲ್ಲ, ಅದರ ಮುಖ ನೋಡ್ಕೊಂಡು ಹೇಳ್ತೀನಾ?"

"ಏನಾದ್ರೂ ಸುಳಿವಾದ್ರೂ ಕೊಡಿ!"

"ಬೆಟ್ಟದ ಮೇಲೆ ನಿಂತಿರ್ತಾನಲ್ಲ, ಆ ದೇವರು. ನಾಮ ಹಾಕ್ಕೊಂಡು. ಅವನ ವಾರ ಶನಿವಾರ."

ಸಾಲಿನಲ್ಲಿ ಗಲಾಟೆ. ಪಾಪ ಆ ಹುಡುಗ ಬೆವೆತು, ಕೊನೆಗೆ ಕಿವಿಗೆ ಬಿದ್ದದ್ದನ್ನು ಒತ್ತಿದ. ಕಂಪ್ಯೂಟರಿಗೆ ಯಾವ ತಕರಾರೂ ಇರಲಿಲ್ಲ. ಖಾಲಿ ಬಿಟ್ಟರೆ ಮಾತ್ರ ಅದಕ್ಕೆ ಆಗದು. ಟರ್ ಎಂದು ಚೀಟಿ ಬಂತು.

ಮುಂದೆ ತಿಮ್ಮಕ್ಕ. ನಮ್ಮ ವಠಾರಕ್ಕೆ ಹೂವು ತರುವಾಕೆ. "ನಮ್ಮೆಜಮಾನ್ರ ಹೆಸರಾ? ನಾಯಿ ಮ್ಯಾಲೆ ಕುಂತಿರ್ತಾನಲ್ಲಪ್ಪ ಸಾಮಿ, ಅವನ್ದೇ. ಮುಂದಕ್ಕೆ ದೊಡ್ಡ ಅಂತ ಸೇರಿಸ್ಕೋ."

ಮತ್ತೆ ಟರ್.

ಅಷ್ಟರಲ್ಲಿ ಶ್ರೀನಿವಾಸಯ್ಯ ಮೇಷ್ಟ್ರು ಒಳಗೆ ಬಂದರು. ಕೈಗೆ ಸಿಕ್ಕ ಕಾಗದವನ್ನು ಗಟ್ಟಿಯಾಗಿ ಓದುವ ಅವರ ಅಭ್ಯಾಸ ಗೊತ್ತಿದೆಯಲ್ಲ.

"ಭಾಗೀರಥಮ್ಮ, ವಯಸ್ಸು ಅರವತ್ತೆಂಟು, ಗಂಡನ ಹೆಸರು ಶನಿವಾರ." ಕನ್ನಡಕ ಸರಿಮಾಡಿಕೊಂಡರು. "ಲೇ, ಯಾರೇ ಇವನು ಶನಿವಾರ?"

ತಿಮ್ಮಕ್ಕ ತನ್ನ ಚೀಟಿಯನ್ನೂ ಚಾಚಿದಳು. "ನಂದೂ ಓದಿ ಮೇಷ್ಟ್ರೇ."

"ತಿಮ್ಮಕ್ಕ. ಗಂಡನ ಹೆಸರು ದೊಡ್ಡನಾಯಿ."

ಅವಳ ಗಂಡ ದೊಡ್ಡಬೈರಪ್ಪ ಸೊಂಟಕ್ಕೆ ಟವೆಲ್ಲು ಬಿಗಿದು ಹೊರಗಿನ ಸಾಲಿನಿಂದ ಬಂದೇಬಿಟ್ಟ. "ಯಾವನ್ಲಾ ನಾಯಿ ಅಂದೋನು?" ವಸಂತ್ ಕೀಬೋರ್ಡನ್ನು ಎದೆಗೆ ಅಡ್ಡ ಹಿಡಿದು ನಿಂತ. ಭಾಗೀರಥಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ ಈಗಲೂ ಹೇಳಲಾರೆ.

"ನಿಲ್ಸಿ! ಎಲ್ಲಾ ನಿಲ್ಸಿ!" ಸೆಕ್ರೆಟರಿಗಳು ಕೂಗಿದರು. "ಎಲ್ಲಿ ಆ ರೆಕಾರ್ಡು? ಕರೀರಿ ಅವರನ್ನ. ಲಾಂಡ್ರಿಗೆ..."

ಇವರು ಸ್ಟೂಲಿನಿಂದ ಎದ್ದರು. ಕಂಪ್ಯೂಟರ್ ರೂಮಿನ ಬೀಗದ ಕೈಯನ್ನು ಜನಿವಾರದಿಂದ ಬಿಚ್ಚಿ ವೆಂಕಟಪ್ಪನ ಕೈಗೆ ಕೊಟ್ಟರು. ನೇರ ದೊಡ್ಡಬೈರಪ್ಪನ ಹತ್ತಿರ ಹೋಗಿ, "ಬೈರಪ್ಪನೋರೇ, ಹೋದ ವರ್ಷ ನಿಮ್ಮ ಕಾಲಿಗೆ ಗಾಜು ಚುಚ್ಚಿತ್ತಲ್ಲ, ಎಡಗಾಲೋ? ಈಗ ಹೇಗಿದೆ?" ಎಂದರು.

ದೊಡ್ಡಬೈರಪ್ಪನ ಟವೆಲ್ಲು ಸಡಿಲವಾಯಿತು. "ವಾಸಿ ಸಾರ್. ನಿಮಗೆ ಗ್ಯಾಪಕ ಐತಾ?"

ಅಷ್ಟರಲ್ಲಿ ಯಶಶ್ರೀ ತನ್ನ ಪುಸ್ತಕ ತೆರೆದು ಸೆಕ್ರೆಟರಿಗಳ ಮುಂದೆ ಹಿಡಿದಿದ್ದಳು. "ತಪ್ಪು ನಮ್ಮದು ಸಾರ್. ಇವರು ಮೊದಲೇ ಹೇಳಿದ್ರು. ಅರ್ಧ ಗಂಟೆ ಕೊಡಿ, ಸಾರ್ ಪೆನ್ಸಿಲಲ್ಲಿ ಬರೀತಿದ್ದುದಕ್ಕೆ ಒಂದು ಜಾಗ ಮಾಡ್ತೀನಿ." ಸೆಕ್ರೆಟರಿಗಳು ಗಡಿಯಾರ ನೋಡಿದರು, ಸಾಲು ನೋಡಿದರು. "ಅರ್ಧ ಗಂಟೆ," ಎಂದರು.

ಆ ಅರ್ಧ ಗಂಟೆ ಇವರು ಸಾಲಿನ ಉದ್ದಕ್ಕೂ ನಡೆದು ಒಬ್ಬೊಬ್ಬರ ಮೊಣಕಾಲು, ಸೊಂಟ, ಸೊಸೆಯ ಬಾಣಂತನ ವಿಚಾರಿಸಿದರು. ಒಬ್ಬರೂ ಮನೆಗೆ ಹೋಗಲಿಲ್ಲ. ಅವಳು ಕರೆದಾಗ ಹೋಗಿ ಕೀಬೋರ್ಡಿನ ಮುಂದೆ ಕೂತರು. ಎರಡೇ ಬೆರಳು. ಒಂದೊಂದು ಅಕ್ಷರವನ್ನೂ ಅವರೆಕಾಳು ಹಿತುಕುವ ಹಾಗೆ ಒತ್ತಿದರು. ಗಂಡನ ಹೆಸರನ್ನು ಈಗ ಖಾಲಿ ಬಿಡಬಹುದಿತ್ತು. ಅದರ ಕೆಳಗೆ ಹೊಸ ಜಾಗ: 'ಜೊತೆಗೆ ಬಂದವರು.'

"ತಿಮ್ಮಕ್ಕ, ಹೋದ ಸಲ ಜೊತೇಲಿ ಬಂದಿದ್ದು ಯಾರಮ್ಮ?"

"ನನ್ ತಮ್ಮ ಸಾರ್, ಬಾಳೆಎಲೆ ಮಂಡಿಯೋನು."

ಟರ್. ಆ ದಿನ ಒಟ್ಟು ಮೂವರು ತಿಮ್ಮಕ್ಕಂದಿರು ಬಂದರು. ಮೂವರೂ ಬೇರೆಬೇರೆಯಾಗಿಯೇ ಉಳಿದರು. ಸೆಕ್ರೆಟರಿಗಳು ಒಂದೊಂದೇ ಚೀಟಿ ನೋಡುತ್ತ ನಿಂತರು. ಕೊನೆಗೆ, "ಇನ್ನೊಂದು ನೋಡೋಣ," ಎಂದರು. ಸಾಲಿನಲ್ಲಿ ಉಳಿದವಳು ನಾನು.

ನನ್ನ ಹೆಸರನ್ನು ಇವರು ಕೇಳಲಿಲ್ಲ. ತಲೆ ತಗ್ಗಿಸಿಕೊಂಡು, ಪ್ರಿಯಂವದಾ ಎಂದು ಪೂರ್ತಿಯಾಗಿ ಒತ್ತಿದರು. ಮದುವೆಯಾದಂದಿನಿಂದ ನಾನು 'ಇವಳೇ'. ಅವರ ಕೈಯಲ್ಲಿ ನನ್ನ ಹೆಸರನ್ನು ಇಡಿಯಾಗಿ ನೋಡಿದ್ದು ಅಂದೇ.

"ಗಂಡನ ಹೆಸರು?" ಎಂದರು, ಅಧಿಕಾರದ ದನಿಯಲ್ಲಿ. ಕಿವಿ ಕೆಂಪಾಗಿತ್ತು.

ನಾನು ಸೆರಗು ಸರಿಮಾಡಿಕೊಂಡೆ. ಬಿ.ಎ. ಓದಿದವಳು, ನಿಜ. ಆದರೂ ಬಾಯಿ ಬರಲಿಲ್ಲ. ಇವರು ಆ ಜಾಗವನ್ನು ಮೆಲ್ಲಗೆ ದಾಟಿಸಿದರು.

"ಜೊತೆಗೆ ಬಂದವರು?"

"ಆರಾಧನಾ. ಮಗಳು."

ಟರ್ ಎಂದು ಚೀಟಿ ಬಂತು. ಸೆಕ್ರೆಟರಿಗಳು ಇವರ ಭುಜ ತಟ್ಟಿದರು. "ಏನ್ರೀ, ರೆಕಾರ್ಡ್ ಬಿಟ್ಟು ನೀವು ಎಲ್ಲಿಗೂ ಹೋಗೋ ಹಾಗಿಲ್ಲ. ದುಪ್ಪಡಿ ಬೇರೆ ಯಾರಾದ್ರೂ ಎಣಿಸಲಿ." ವೆಂಕಟಪ್ಪ ಬೀಗದ ಕೈಯನ್ನು ಗಂಟೆಯ ಹಾಗೆ ಅಲ್ಲಾಡಿಸಿದ. ಯಶಶ್ರೀ ಕಣ್ಣೊರೆಸಿಕೊಂಡಳು. ಭಾಗೀರಥಮ್ಮ, "ನಾನು ಅವತ್ತೇ ಹೇಳಿದ್ದೆ," ಎಂದರು.

ಆರಾಧನಾ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡಿದ್ದಳು. ಅದರ ಮೇಲೆ ಅಚ್ಚಾಗಿದ್ದ ಕನ್ನಡವನ್ನು ಬೆರಳಿಟ್ಟು ಅಕ್ಷರ ಕೂಡಿಸಿ ಓದುತ್ತಿದ್ದಳು. "ಗಂ... ಡ... ನ... ಹೆ... ಸ... ರು." ಮುಂದಿನ ಗೆರೆಯ ಮೇಲೆ ಬೆರಳು ಎಳೆದಳು. ಏನೂ ಇರಲಿಲ್ಲ. ಚೀಟಿಯನ್ನು ತಿರುಗಿಸಿ ಹಿಂದೆಯೂ ನೋಡಿದಳು. ಆಮೇಲೆ ತಲೆಯೆತ್ತಿ, ಇಷ್ಟು ದಿನ ನಾನು ಆಮೇಲೆ ಆಮೇಲೆ ಎಂದು ತಳ್ಳಿದ್ದನ್ನು, ನಲವತ್ತು ಜನರಿಗೂ ಕೇಳಿಸುವ ಹಾಗೆ ಕೇಳಿಯೇಬಿಟ್ಟಳು:

"ಅಮ್ಮಾ, ಅಪ್ಪಂಗೆ ಹೆಸರೇ ಇಟ್ಟಿಲ್ವಾ?"